ಗೋದಲಿಗೆ ಗರಿಕೆ

ಗರಿಕೆಯ ಎಳೆಯನ್ನು ಒದ್ದೆ ಮಣ್ಣಿನಲ್ಲಿ ನೆಟ್ಟಗೆ ನಿಲ್ಲಿಸುವುದು ಹುಡುಗಾಟವಲ್ಲ ಎಂದು ರಂಜಿತನಿಗೆ ಐವತ್ತನೆಯ ಎಳೆಯ ಹೊತ್ತಿಗೆ ಮನವರಿಕೆಯಾಗಿತ್ತು. ಹಲ್ಲುಕಡ್ಡಿಯಿಂದ ಒಂದು ತೂತು, ತೂತಿಗೊಂದು ಎಳೆ, ಎಳೆಯ ಬುಡಕ್ಕೆ ಹೆಬ್ಬೆರಳಿನ ಒತ್ತು. ಒತ್ತಿದ್ದು ಸ್ವಲ್ಪ ಹೆಚ್ಚಾದರೆ ಪಕ್ಕದ ಎಳೆ ಮಲಗಿಬಿಡುತ್ತಿತ್ತು, ಅದನ್ನು ಎಬ್ಬಿಸಲು ಹೋದರೆ ಇದು. ಸಾಲ್ಟ್ ಲೇಕಿನ ಮೂರನೇ ಮಹಡಿಯ ಬಾಲ್ಕನಿಯಲ್ಲಿ, ಕ್ರಿಸ್ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಎಂಟು ಗಂಟೆಗೆ, ಕಲ್ಕತ್ತದವರಂತೆ ತಾನೂ ಮಂಕಿ ಟೋಪಿ ಹಾಕಿಕೊಂಡು ಕುಕ್ಕುರುಗಾಲಿನಲ್ಲಿ ಕೂತಿದ್ದ ಅವನನ್ನು ಎದುರು ಮನೆಯ ಮುದುಕರೊಬ್ಬರು ಚಹಾ ಕುಡಿಯುತ್ತ ನೋಡುತ್ತಿದ್ದರು. ನೋಡಲಿ. ಸೆಕ್ಟರ್ ಫೈವ್‌ನಲ್ಲಿ ಐಟಿ ಕಂಪನಿಯೊಂದರ ಹದಿನಾಲ್ಕು ಜನರ ತಂಡವನ್ನು ನಡೆಸುವ ಮನುಷ್ಯ ರಜೆ ಹಾಕಿ ಕೇಕಿನ ತಟ್ಟೆಯಲ್ಲಿ ಹುಲ್ಲು ನೆಡುತ್ತಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಎಂದು ತಿಳಿಯುವಷ್ಟು ವಯಸ್ಸು ಅವರಿಗಾಗಿತ್ತು. ಕಾರಣ ಸರಳವಾಗಿತ್ತು. ಮಧ್ಯಾಹ್ನ ಒಂದೂವರೆಗೆ ಅಮ್ಮ ಹೌರಾದಲ್ಲಿ ಇಳಿಯುತ್ತಿದ್ದಳು, ಮತ್ತು ಅವನು ಹನ್ನೊಂದು ದಿನದಿಂದ ಫೋನಿನಲ್ಲಿ ಬೆಳೆಸಿದ್ದ ರಾಗಿಯ ಪೈರು ಅವಳ ಕಣ್ಣಿಗೆ ಕಾಣಬೇಕಾಗಿತ್ತು.

ಕನಕಪುರದ ಆಚೆಗಿನ ಅವರ ಹಳ್ಳಿಯ ಕ್ರೈಸ್ತರಲ್ಲಿ ಕ್ರಿಸ್ಮಸ್ ಎಂದರೆ ಮೊದಲು ಗೋದಲಿ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಮನೆಯ ಮೂಲೆಯಲ್ಲಿ ಹುಲ್ಲು, ಮಣ್ಣು, ಸೊಪ್ಪುಗಳಿಂದ ಕಟ್ಟುತ್ತಾರೆ. ಕೊಟ್ಟಿಗೆಯ ಮುಂದೆ ಹೊಲ ಇರಬೇಕಲ್ಲ, ಅದಕ್ಕೆ ಹತ್ತು ಹನ್ನೆರಡು ದಿನ ಮೊದಲೇ ತಟ್ಟೆಯಲ್ಲಿ ರಾಗಿ ಬಿತ್ತುತ್ತಾರೆ. ಅವನು ಚಿಕ್ಕವನಿದ್ದಾಗ ಜನ ಮನೆಮನೆಗೆ ಹೋಗಿ ಬಾಲಯೇಸುವನ್ನು ನೋಡುತ್ತಿದ್ದರೋ ಪೈರನ್ನು ನೋಡುತ್ತಿದ್ದರೋ ಹೇಳುವುದು ಕಷ್ಟವಿತ್ತು. ಪೈರು ದಟ್ಟವಾಗಿದ್ದರೆ ಅಮ್ಮ ಬಾಗಿಲಲ್ಲೇ ನಿಂತು ಎಲ್ಲರನ್ನೂ ಒಳಗೆ ಕರೆಯುತ್ತಿದ್ದಳು, ಬೋಳಾಗಿದ್ದ ವರ್ಷ ಕಜ್ಜಾಯದ ತಟ್ಟೆಯನ್ನು ಅದರ ಮುಂದಿಟ್ಟು ಮರೆಮಾಡುತ್ತಿದ್ದಳು. ಈ ಸಲ ಅವನ ಮಗಳು ಇಂಚರ, ಐದನೇ ಕ್ಲಾಸು, ಮನೆಯಲ್ಲಿ ಪ್ಲಾಸ್ಟಿಕ್ ಕ್ರಿಸ್ಮಸ್ ಕೂಡದು ಎಂದು ಕಾನೂನು ಮಾಡಿದ್ದಳು. ಆರಡಿಯ ಪ್ಲಾಸ್ಟಿಕ್ ಮರ ವಾಚ್‌ಮನ್ ಮನೆ ಸೇರಿತು. ಮಿಣುಕು ದೀಪದ ಸರ ಅಟ್ಟಕ್ಕೆ ಹೋಯಿತು. ಅದರ ಬದಲು ದುರ್ಗಾಪೂಜೆಯ ದಿನಗಳಲ್ಲಿ ನ್ಯೂ ಟೌನಿನ ಬಯಲಿಂದ ಅವಳು ಕಿತ್ತು ತಂದಿದ್ದ ಕಾಶದ ಬಿಳಿ ಹುಲ್ಲು ಬಂತು, ಬಿದಿರು ಕಡ್ಡಿಗೆ ಬೆಂಡು ಅಂಟಿಸಿದ ನಕ್ಷತ್ರ ಬಂತು, ಒಣಗಿಸಿದ ಕಿತ್ತಳೆ ಬಿಲ್ಲೆಗಳ ತೋರಣ ಬಂತು, ಚಹಾ ಕುಡಿದು ತೊಳೆದ ಮಣ್ಣಿನ ಕುಡಿಕೆಗಳು ಹಣತೆಗಳಾದವು. ಗಂಗೆಯ ಜೇಡಿಮಣ್ಣಿನಲ್ಲಿ ಅವಳೇ ಮಾಡಿದ, ಯೇಸುವಿನ ಸಾಕುತಂದೆ ಜೋಸೆಫನ ಗೊಂಬೆಯ ಗಡ್ಡ ಒಣಗುವಾಗ ಬಿರುಕು ಬಿಟ್ಟು, ಅವನು ಹಲ್ಲುನೋವಿನವನ ಹಾಗೆ ಒಂದು ಕಡೆ ಮುಖ ಹಿಡಿದುಕೊಂಡಿದ್ದ. ಎಲ್ಲವೂ ಆಯಿತು, ಹಸಿರೊಂದನ್ನು ಬಿಟ್ಟು.

ಬಿತ್ತುವ ರಾಗಿಯನ್ನು ಅಮ್ಮನೇ ಕಳಿಸಿದ್ದಳು. ಬೆಂಗಳೂರಿಗೆ ಹೋಗಿದ್ದ ಆಫೀಸಿನ ಬಾಲಕೃಷ್ಣ ಹಳೇ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣವನ್ನು ತಂದುಕೊಟ್ಟಿದ್ದ. ರಂಜಿತ್ ಅದನ್ನು ಒಂದು ರಾತ್ರಿ ನೆನೆಸಿ, ತಟ್ಟೆಯ ಮಣ್ಣಿನ ಮೇಲೆ ಹರಡಿ, ಒದ್ದೆ ಬಟ್ಟೆ ಮುಚ್ಚಿದ. ನೆನೆಸಿದಾಗ ಎದ್ದ ವಾಸನೆ ಎಷ್ಟು ಹಿತವಾಗಿತ್ತೆಂದರೆ ಅವನಿಗೆ ಎಳವೆಯಲ್ಲಿ ಕುಡಿದ ಗಂಜಿ ನೆನಪಾಗಿ ಬಾಯಲ್ಲಿ ನೀರೂರಿತು, ತಾಯಿನಾಡಿನ ಧಾನ್ಯದ ಘಮವೆಂದು ಹೆಂಡತಿಗೆ ಒಂದು ಸಣ್ಣ ಭಾಷಣವನ್ನೂ ಮಾಡಿದ. ಎರಡು ದಿನವಾಯಿತು, ಮೂರಾಯಿತು. ನಾಲ್ಕನೇ ದಿನ ಅಮ್ಮ ಫೋನು ಮಾಡಿ, "ಮೊಳಕೆ ಬಂತಾ ಮಗ?" ಎಂದಾಗ ಅವನು ಆಫೀಸಿನ ಕ್ಯಾಂಟೀನಿನಲ್ಲಿ ಸಾಲಿನಲ್ಲಿ ನಿಂತಿದ್ದ. ಹಿಂದೆ ಜನ, ಕೈಯಲ್ಲಿ ತಟ್ಟೆ. "ಬಂದಿದೆ ಅಮ್ಮ" ಎಂದುಬಿಟ್ಟ. ನಾಳೆ ಹೇಗೂ ಬರುತ್ತದೆ, ಒಂದು ದಿನ ಮುಂಚೆ ಹೇಳಿದರೇನಂತೆ ಎಂಬ ಲೆಕ್ಕ. ಪ್ರತಿ ಶುಕ್ರವಾರ ಮೇಲಿನವರಿಗೆ ಕಳಿಸುವ ವರದಿಯಲ್ಲೂ ಅವನು ನಿಂತುಹೋದ ಕೆಲಸದ ಮುಂದೆ ಹಸಿರು ಚುಕ್ಕೆಯನ್ನೇ ಇಟ್ಟು, ಮುಂದಿನ ಶುಕ್ರವಾರದೊಳಗೆ ಹೇಗೋ ಓಡಿಸಿಬಿಡುತ್ತಿದ್ದ. ರಾಗಿ ಹಾಗೆ ಓಡಲಿಲ್ಲ.

ಅಮ್ಮನೋ, ಅಲ್ಲಿಯವರೆಗೆ ಭಾನುವಾರ ಮಾತ್ರ ಫೋನು ಮಾಡುತ್ತಿದ್ದವಳು, ದಿನಾ ಮಾಡತೊಡಗಿದಳು. "ಎಷ್ಟುದ್ದ ಬಂದೈತೆ?" "ಒಂದು ಬೆರಳು." "ಬಣ್ಣ ಹೆಂಗೈತೆ? ತುದಿ ಕೆಂಪಗೈತಾ?" "ಇಲ್ಲಮ್ಮ, ಒಳ್ಳೆ ಹಸಿರು." "ಗಾಳಿಗೆ ಬಾಗ್ತಾ ಐತಾ?" "ಸ್ವಲ್ಪ." ಒಂದು ದಿನ ಫೋಟೋ ಕೇಳಿದಳು. ಅವನು ಇಂಟರ್ನೆಟ್ಟಿನಲ್ಲಿ ಯಾರದೋ ತಟ್ಟೆಯಲ್ಲಿ ಬೆಳೆದ ಗೋಧಿಹುಲ್ಲಿನ ಚಿತ್ರ ಹುಡುಕಿ, ಅಂಚು ಕತ್ತರಿಸಿ ಕಳಿಸಿದ. "ಅಬ್ಬಬ್ಬಾ, ನಮ್ಮೂರಲ್ಲೂ ಇಂಥಾ ಪೈರು ಕಂಡೋರಿಲ್ಲ ಬುಡು" ಎಂದಳು ಅಮ್ಮ. ಹಿಂದಿನಿಂದ ಯಾರೋ ಗಟ್ಟಿಯಾಗಿ ನಕ್ಕ ಸದ್ದು ಕೇಳಿಸಿತು. ಅಮ್ಮ ಅಕ್ಕ ಫಿಲೋಮಿನಳ ಜೊತೆ ಇರುವುದರಿಂದ, ಅಕ್ಕ ಟೀವಿ ನೋಡುತ್ತಿರಬೇಕೆಂದು ಅವನು ಅಂದುಕೊಂಡ. ಕ್ರಿಸ್ಮಸ್ಸಿಗೆ ಮುಂಚೆ ಪಾಪನಿವೇದನೆಗೆ ಹೋದಾಗ ಜಾಲರಿಯ ಆಚೆಗಿದ್ದ ಗುರುಗಳಿಗೆ, ಸುಳ್ಳು ಹೇಳಿದ್ದೇನೆ ಎಂದ. ಯಾವ ವಿಷಯಕ್ಕೆ ಎಂದು ಅವರು ಕೇಳಿದರು. ಪೈರಿನ ವಿಷಯಕ್ಕೆ ಎಂದ. ಎಷ್ಟು ಸಲ? ಏಳು ಸಲ, ದಿನಕ್ಕೆ ಅರ್ಧ ಬೆರಳಿನಂತೆ. ಗುರುಗಳು ಕೆಮ್ಮಿದರು. ಒಂದು 'ನಮೋ ಮರಿಯಾ' ಜಪ ಹೇಳಿಕೋ ಎಂದರು, ಒಂದೇ ಒಂದು. ಅಷ್ಟು ಕಡಿಮೆ ದಂಡ ಹಾಕಿದ್ದು ಅವನಿಗೆ ಅವಮಾನವಾದಂತಾಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಆಗಸ್ಟಿನದು ನೆನಪಾಯಿತು. ಅದನ್ನು ಅವನು ಗುರುಗಳಿಗೆ ಹೇಳಿರಲಿಲ್ಲ. ಡೆಂಗಿ ಜ್ವರ ಬಂದು ಐದು ದಿನ ನರ್ಸಿಂಗ್ ಹೋಮಿನಲ್ಲಿ, ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಾಗ, ಅಮ್ಮನಿಗೆ ಆಫೀಸಿನ ಕೆಲಸದ ಮೇಲೆ ಸಿಲಿಗುರಿಗೆ ಬಂದಿದ್ದೇನೆ ಎಂದಿದ್ದ. ಮುದುಕಿ ಗಾಬರಿಯಾಗುವುದು ಬೇಡ ಎಂದು ಹೇಳಿದ ಸುಳ್ಳು ಪಾಪವಲ್ಲ ಎಂದು ಆಗಲೇ ತನಗೆ ತಾನೇ ಕ್ಷಮೆ ಕೊಟ್ಟುಕೊಂಡಿದ್ದ. ಬಸ್ಸು ಬಂತು, ಹತ್ತಿದ.

ಇವೆಲ್ಲಕ್ಕಿಂತ ಅವನನ್ನು ಚುಚ್ಚುತ್ತಿದ್ದುದು ಬೇರೆ. ಆರನೇ ದಿನ ಬೆಳಿಗ್ಗೆ ಬೋಳು ತಟ್ಟೆಯ ಮುಂದೆ ನಿಂತು, ಆಫೀಸಿಗೆ ಹೊತ್ತಾದ ಸಿಟ್ಟಿನಲ್ಲಿ, ಇಂಚರಳ ಕೈಯಲ್ಲಿದ್ದ ನೀರಿನ ಲೋಟ ನೋಡಿ, "ನೀನು ಜಾಸ್ತಿ ನೀರು ಹಾಕಿ ಕೊಳೆಸಿದ್ದೀಯ" ಎಂದಿದ್ದ. ಅಂದದ್ದು ಅಷ್ಟೇ, ಲಿಫ್ಟಿನೊಳಗೆ ಹೋಗುವಷ್ಟರಲ್ಲಿ ಮರೆತಿದ್ದ. ಸಂಜೆ ಬಂದಾಗ ಮಗು ತಟ್ಟೆಯನ್ನು ಬಟ್ಟೆ ಒಗೆಯುವ ಮಿಷನ್ನಿನ ಹಿಂದೆ ಬಚ್ಚಿಟ್ಟು, ಹೋಮ್‌ವರ್ಕ್ ಮುಂದೆ ಕೂತಿತ್ತು. "ಅಪ್ಪ, ಸೀಡ್ಸ್‌ಗೆ ಪೇನ್ ಆಗತ್ತಾ?" ಎಂದು ಕೇಳಿತು. ಇಲ್ಲ ಎಂದ. ಆದರೆ 'ತಪ್ಪು ನಿನ್ನದಲ್ಲ' ಎನ್ನಲಿಲ್ಲ. ಹಾಗೆಂದಿದ್ದರೆ ತಪ್ಪು ಯಾರದು ಎಂಬ ಪ್ರಶ್ನೆ ಬರುತ್ತಿತ್ತು, ಮತ್ತು ಮನೆಯಲ್ಲಿ ಉಳಿದಿದ್ದ ಬೇರೆ ಗಂಡಸು ಅಂದರೆ ಗಡ್ಡ ಬಿರುಕು ಬಿಟ್ಟ ಜೋಸೆಫ್ ಒಬ್ಬನೇ. ಬೇರೆ ರಾಗಿ ಬಿತ್ತೋಣವೆಂದರೆ ಕಲ್ಕತ್ತದ ಅಂಗಡಿಗಳಲ್ಲಿ ಸಿಕ್ಕಿದ್ದು ಹಿಟ್ಟು ಮಾತ್ರ. ಅಷ್ಟರಲ್ಲಿ ಅಮ್ಮ ಟಿಕೆಟ್ ಮಾಡಿಸಿದ್ದಳು. "ನಿನ್ ಪೈರು ನೋಡ್ದೇ ಇರಕ್ಕಾಗಲ್ಲ ಕಣಪ್ಪ" ಎಂದಿದ್ದಳು.

ಅದಕ್ಕೇ ಇವತ್ತು ಬೆಳಕು ಹರಿಯುವ ಮುನ್ನವೇ ಎದ್ದು ಸಿಯಾಲ್ದಾದ ಮಾರುಕಟ್ಟೆಗೆ ಓಡಿದ್ದು. ಹಸಿರು ಅಲ್ಲಿ ರಾಶಿ ರಾಶಿ ಬಿದ್ದಿತ್ತು. ಈರುಳ್ಳಿಯ ಹೂದಂಟು, ಪಾಲಕ್, ಕೊತ್ತಂಬರಿ. ಕೊತ್ತಂಬರಿಯ ಮುಂದೆ ಒಂದು ನಿಮಿಷ ನಿಂತು, ಬೆತ್ಲೆಹೇಮಿನ ಹೊಲ ಸಾರಿನ ವಾಸನೆ ಹೊಡೆಯುವುದನ್ನು ಊಹಿಸಿ ಮುಂದೆ ಹೋದ. ಕೊನೆಗೆ ಪೂಜೆಯ ಹೂವು ಮಾರುವ ಹೆಂಗಸೊಬ್ಬಳ ಬುಟ್ಟಿಯಲ್ಲಿ ಗರಿಕೆಯ ಕಟ್ಟುಗಳು ಕಂಡವು. ಇದ್ದಷ್ಟೂ ಕೊಡು ಎಂದ. "ಕೋನ್ ಪೂಜೋ, ದಾದಾ?" ಎಂದಳು, ಯಾವ ಪೂಜೆಗೆ ಎಂದು. ಅವನು ಬೊಡೋದಿನ್ ಎಂದ, ಇಲ್ಲಿ ಕ್ರಿಸ್ಮಸ್ಸಿಗೆ ಹಾಗೆನ್ನುತ್ತಾರೆ. ಅವಳು ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟು, ಯೇಸುವಿನ ಪೂಜೆಗೂ ಗರಿಕೆ ಬೇಕಾ ಎಂದು ಬಂಗಾಳಿಯಲ್ಲಿ ಪಕ್ಕದವಳನ್ನು ಕೇಳಿದಳು. ಪಕ್ಕದವಳು, ಈಗ ಎಲ್ಲ ಪೂಜೆಗೂ ಎಲ್ಲವೂ ಬೇಕು ಎಂದಳು. ಹೊರಡುವಾಗ ಒಳ್ಳೆಯದಾಗಲಿ ಎಂದು ಮೂರು ಬಿಲ್ವಪತ್ರೆಯನ್ನೂ ಮೇಲಿಟ್ಟು ಕೊಟ್ಟಳು. ಅವನು ಅದನ್ನೂ ತಂದಿದ್ದ. ಕೊಟ್ಟದ್ದನ್ನು ಬೇಡ ಎನ್ನುವುದಕ್ಕೆ ಅವನಿಗೆ ಯಾವತ್ತೂ ನಾಲಿಗೆ ಏಳುತ್ತಿರಲಿಲ್ಲ.

"ನಾನಂತೂ ಇದರಲ್ಲಿ ಇಲ್ಲಪ್ಪಾ" ಎಂದಳು ಹೆಂಡತಿ ಐಶ್ವರ್ಯಾ, ಬಾಲ್ಕನಿಯ ಬಾಗಿಲಿಗೆ ಒರಗಿ ಕಾಫಿ ಕುಡಿಯುತ್ತ. "ಅತ್ತೆ ಕೇಳಿದ್ರೆ ಗೊತ್ತಿಲ್ಲ ಅಂತೀನಿ. ಆದ್ರೆ ಒಂದು ಮಾತು. ಅವರು ಅರವತ್ತು ವರ್ಷ ರಾಗಿ ಕಂಡೋರು."

"ಅವಳಿಗೆ ಕಣ್ಣಿನ ಪೊರೆ ಇದೆ."

"ಹೋದ ವರ್ಷವೇ ಆಪರೇಷನ್ ಆಯ್ತಲ್ಲ."

ಅದನ್ನು ಅವನು ಮರೆತಿದ್ದ. ನೂರ ಹತ್ತನೆಯ ಎಳೆಯನ್ನು ನೆಡುತ್ತ, ಎಂಟು ದಿನ ರಜೆ ಸಿಗಲಿಲ್ಲವೆಂದು ಹೇಳಿ ಆ ಆಪರೇಷನ್ನಿಗೆ ಹೋಗಿರಲಿಲ್ಲವೆಂಬುದೂ, ರಜೆ ಕೇಳಿಯೇ ಇರಲಿಲ್ಲವೆಂಬುದೂ ನೆನಪಾದವು. ಇಂಚರ ಬಂದು ತಟ್ಟೆಯ ಪಕ್ಕ ಕೂತಿತು. ಬಿಲ್ವಪತ್ರೆಗಳನ್ನು ಮಣ್ಣಿಗೆ ಚುಚ್ಚಿ, "ಟ್ರೀಸ್" ಎಂದಿತು. ಆಮೇಲೆ, "ಇದು ಚೀಟಿಂಗ್ ಅಲ್ವಾ ಅಪ್ಪ?" ಎಂದಿತು. "ಅಲಂಕಾರ" ಎಂದ ರಂಜಿತ್. ಮಗು ಆ ಪದವನ್ನು ಬಾಯೊಳಗೆ ಒಮ್ಮೆ ಹೇಳಿ ನೋಡಿಕೊಂಡಿತು.

ರೈಲು ಒಂದು ಗಂಟೆ ತಡವಾಗಿ ಬಂತು. ಹೌರಾದ ಜನಜಂಗುಳಿಯಲ್ಲಿ ಅಮ್ಮ ಲೂರ್ದಮ್ಮ ಒಂದು ಸ್ಟೀಲ್ ಡಬ್ಬವನ್ನು ಎದೆಗವಚಿಕೊಂಡು ಬೋಗಿಯ ಬಾಗಿಲಲ್ಲಿ ನಿಂತಿದ್ದಳು. ಇಳಿಯುವಾಗ ಅವನ ಭುಜವನ್ನು ಬಿಗಿಯಾಗಿ ಹಿಡಿದಳು. ಅವಳ ಪಾದಗಳು ಊದಿಕೊಂಡು ಚಪ್ಪಲಿಯ ಪಟ್ಟಿಗಳ ಮಧ್ಯೆ ಉಬ್ಬಿದ್ದವು. "ಏನಿಲ್ಲ, ಕೂತೂ ಕೂತೂ ಹಿಂಗಾಗೈತೆ" ಎಂದಳು. ಮಗುವಿನ ತಾಯಿಯೊಬ್ಬಳಿಗೆ ತನ್ನ ಕೆಳಗಿನ ಬರ್ತು ಬಿಟ್ಟುಕೊಟ್ಟು ಮೇಲಿನದಕ್ಕೆ ಹತ್ತಿದ್ದಳಂತೆ, ಹತ್ತಿದವಳು ಇಳಿಯಲಾಗದೆ ಹಗಲೆಲ್ಲ ಅಲ್ಲೇ ಬಗ್ಗಿಕೊಂಡು ಕೂತಿದ್ದಳಂತೆ. ಡಬ್ಬ ಕೊಡು ಎಂದರೆ ಕೊಡಲಿಲ್ಲ. ಅದರಲ್ಲಿ ಬಾಲಯೇಸು ಇತ್ತು, ಅವಳ ಅತ್ತೆಯ ಕಾಲದ ಪಿಂಗಾಣಿಯ ಗೊಂಬೆ. ಇನ್ನು ತಾನು ಎಷ್ಟು ದಿನವೋ, ಇದು ನಿನ್ನ ಮನೆಯಲ್ಲೇ ಇರಲಿ ಎಂದಳು. ಅಂದಮೇಲೆ ಅವನ ಮುಖವನ್ನೊಮ್ಮೆ ನೋಡಿ, "ಪೈರಿಗೆ ನೀರು ಹಾಕಿ ಬಂದ್ಯಾ?" ಎಂದಳು.

ಮೆಟ್ರೋ ಹೊಳೆಯ ಕೆಳಗೆ ಇಳಿದಾಗ ಸುರಂಗದ ಗೋಡೆಯಲ್ಲಿ ನೀಲಿ ಬೆಳಕು ಬಂತು. ಬೋಗಿಯಲ್ಲಿದ್ದವರೆಲ್ಲ ಫೋನು ನೋಡುತ್ತಿದ್ದರು, ಅಮ್ಮ ಒಬ್ಬಳೇ ತಲೆಯೆತ್ತಿ ಚಾವಣಿ ನೋಡಿದಳು. "ಈಗ ನಮ್ ತಲೆ ಮ್ಯಾಲೆ ಗಂಗೆನಾ?" ಹೌದು ಎಂದ. "ನಂಬ್ಕೊಂಡು ಕೂತವ್ರಲ್ಲಪ್ಪ ಜನ" ಎಂದಳು. ಅದು ಮೆಟ್ರೋ ಕಟ್ಟಿದವರನ್ನು ನಂಬುವ ಬಗ್ಗೆ ಹೇಳಿದ್ದೋ ತನ್ನನ್ನು ನಂಬುವ ಬಗ್ಗೆಯೋ ಎಂದು ತಿಳಿಯದೆ ಅವನು ಟೋಪಿ ಸರಿಮಾಡಿಕೊಂಡ. ಅಮ್ಮ ಬಿಡಲಿಲ್ಲ. "ದಿನಾ ಎಷ್ಟೊತ್ತಿಗೆ ಬಿಸಿಲಿಗಿಡ್ತಿದ್ದೆ? ಗುಬ್ಬಿ ಬರಾಕಿಲ್ವಾ?" ಗುಬ್ಬಿ ಬರುತ್ತವೆ, ಓಡಿಸುತ್ತೇನೆ ಎಂದ. ಆ ಮನೆಯ ಬಾಲ್ಕನಿಗೆ ಬರುವುದು ಕಾಗೆ ಮತ್ತು ಪಾರಿವಾಳ ಮಾತ್ರ. ಈಗಲೂ ಹೇಳಿಬಿಡಬಹುದಿತ್ತು. ಅಮ್ಮ, ಒಂದು ಕಾಳೂ ಮೊಳೆಯಲಿಲ್ಲ, ಎಂಬಷ್ಟೇ ಮಾತು. ಬಾಯಿ ತೆರೆದ, ಸಿಯಾಲ್ದಾ ಬಂತು, ಜನ ನುಗ್ಗಿದರು. ಅಮ್ಮನ ಊದಿದ ಕಾಲನ್ನು ಯಾರೂ ತುಳಿಯದ ಹಾಗೆ ಅಡ್ಡ ನಿಲ್ಲುವುದರಲ್ಲಿ ಆ ಮಾತು ಹಾಗೇ ಉಳಿಯಿತು. ಅಮ್ಮ ಕಿಟಕಿಯತ್ತ ಮುಖ ತಿರುಗಿಸಿದಳು. ಅವಳ ಭುಜ ಸಣ್ಣಗೆ ಕುಲುಕುತ್ತಿತ್ತು. ಆಯಾಸವಿರಬೇಕೆಂದು ಅವನಿಗೆ ಕನಿಕರವಾಯಿತು.

ಮನೆಗೆ ಬರುವಷ್ಟರಲ್ಲಿ ಕಲ್ಕತ್ತದ ಚಳಿಗಾಲದ ಹೊತ್ತು ಇಳಿಯಲು ಶುರುವಾಗಿತ್ತು, ಗರಿಕೆಯೂ. ಬೆಳಿಗ್ಗೆ ಸಿಪಾಯಿಗಳಂತೆ ನಿಂತಿದ್ದ ಎಳೆಗಳಲ್ಲಿ ಅರ್ಧದಷ್ಟು ಒಂದರ ಮೇಲೊಂದು ಒರಗಿದ್ದವು. ಅಮ್ಮ ಮೊದಲು ನಕ್ಷತ್ರ ನೋಡಿದಳು, ಕಿತ್ತಳೆಯ ತೋರಣ ಮೂಸಿದಳು, ಜೋಸೆಫನನ್ನು ನೋಡಿ "ಪಾಪ, ಎಷ್ಟು ದೂರ ನಡ್ದವ್ನೋ" ಎಂದಳು, ಕಾಶದ ಹುಲ್ಲಿನ ಹಾಸಿಗೆಯನ್ನು ಬೆರಳಿನಿಂದ ಒತ್ತಿ ಮೆತ್ತಗಿದೆ ಎಂದಳು. ಹೊಗಳಿಕೆ ಒಂದೊಂದೇ ಮೆಟ್ಟಿಲು ಇಳಿದು ತಟ್ಟೆಯ ಹತ್ತಿರ ಬರುತ್ತಿರುವುದು ರಂಜಿತನಿಗೆ ಕಾಣುತ್ತಿತ್ತು. ಐಶ್ವರ್ಯಾ ಅಡಿಗೆಮನೆಗೆ ಜಾರಿಕೊಂಡಳು. ಅಮ್ಮ ಸೊಂಟದ ಮೇಲೆ ಕೈಯಿಟ್ಟು ಬಗ್ಗಿದಳು. ಒಂದು ಎಳೆಯನ್ನು ಹಿಡಿದು ಮೇಲಕ್ಕೆತ್ತಿದಳು. ಅದು ಸಲೀಸಾಗಿ ಬಂತು.

"ಎಂಥಾ ನೀರಪ್ಪಾ ಈ ಕಲ್ಕತ್ತದ್ದು" ಎಂದಳು. "ರಾಗಿ ಬಿತ್ತಿದ್ರೆ ಗರಿಕೆ ಬತ್ತದೆ. ಇದೇನು, ಬಿಲ್ವಪತ್ರೆನೂ ಅದರಲ್ಲೇ ಹುಟ್ಟಿತಾ?"

ಅವನು ಏನೋ ಹೇಳಲು ಹೊರಟ. ಏನೆಂದು ಅವನಿಗೇ ಗೊತ್ತಿರಲಿಲ್ಲ, ಬಹುಶಃ ಹೈಬ್ರಿಡ್ ತಳಿ ಎಂದುಬಿಡುತ್ತಿದ್ದನೋ ಏನೋ. ಅಮ್ಮ ಅಷ್ಟರಲ್ಲಿ ಸೋಫಾದ ಮೇಲೆ ಕೂತು ನಗಲು ಶುರುಮಾಡಿದ್ದಳು. ಸೆರಗು ಬಾಯಿಗಿಟ್ಟುಕೊಂಡರೂ ತಡೆಯದ ನಗು, ಹೌರಾದಿಂದ ಹೊಳೆಯ ಕೆಳಗೆ ಹಾಯ್ದು ಬರುವಾಗಲೆಲ್ಲ ಹಿಡಿದಿಟ್ಟುಕೊಂಡಿದ್ದ ನಗು. ಆಗ ಇಂಚರ ಓಡಿಹೋಯಿತು. ವಾಪಸು ಬಂದಾಗ ಅದರ ಕೈಯಲ್ಲಿ ಮಿಷನ್ನಿನ ಹಿಂದೆ ಇಟ್ಟಿದ್ದ ಹಳೆಯ ತಟ್ಟೆಯಿತ್ತು. ಒಣಗಿ ಸೀಳಿದ ಮಣ್ಣು, ಅದರ ಮೇಲೆ ಹಾಕಿದ್ದು ಹಾಕಿದ ಹಾಗೇ ಇದ್ದ ಕಪ್ಪು ಕಾಳು.

"ಅಜ್ಜಿ, ಅಪ್ಪಂಗೆ ಬೈಬೇಡಿ. ನಾನೇ ಸೀಡ್ಸ್ ಕಿಲ್ ಮಾಡಿದ್ದು. ತುಂಬಾ ವಾಟರ್ ಹಾಕ್ಬಿಟ್ಟೆ." ಅಷ್ಟು ಹೇಳಿ ಮಗು ಬಿಕ್ಕಿ ಬಿಕ್ಕಿ ಅಳತೊಡಗಿತು.

ಅಮ್ಮನ ನಗು ನಿಂತಿತು. ಅವಳು ಮಗುವನ್ನು ತಟ್ಟೆಯ ಸಮೇತ ಹತ್ತಿರಕ್ಕೆಳೆದುಕೊಂಡಳು. "ಯಾರಂದ್ರು ಹಂಗೆ?" ಎಂದಳು. ರಂಜಿತ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಮ್ಮ ಸ್ಟೀಲ್ ಡಬ್ಬದ ಮುಚ್ಚಳ ತಿರುಗಿಸಿದಳು. ಡಬ್ಬದ ತುಂಬ ರಾಗಿ ಇತ್ತು. ಒಡೆಯಬಾರದೆಂದು ಬಾಲಯೇಸುವನ್ನು ಅದರೊಳಗೆ ಕುತ್ತಿಗೆಯವರೆಗೂ ಹೂತು ತಂದಿದ್ದಳು, ಮೇಲೆ ಎರಡು ಪುಟ್ಟ ಕೈ ಮತ್ತು ಮುಖ ಕಾಣುತ್ತಿತ್ತು. ಅವಳು ಒಂದು ಹಿಡಿ ರಾಗಿ ತೆಗೆದು ಮಗುವಿನ ಅಂಗೈಗೆ ಹಾಕಿದಳು. "ಇದು ನೋಡವ್ವ ಬಿತ್ತೋ ರಾಗಿ. ನಿಮಗೆ ಕಳಿಸಿದ್ನಲ್ಲ, ಅದು ಗಂಜಿಗೆ ಅಂತ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಇಟ್ಕೊಂಡಿದ್ದು. ಡಬ್ಬ ಅದಲು ಬದಲಾಯ್ತು, ನಂದೇ ತಪ್ಪು. ಬಾಣಲೇಲಿ ಹುರಿದ ಕಾಳಿಗೆ ನೀನು ನೀರು ಹಾಕು, ನಿಮ್ಮಪ್ಪ ಹಾಕ್ಲಿ, ಆ ಗಂಗೇನೇ ಬಂದು ನಿಲ್ಲಲಿ, ಅದು ಮೊಳೆಯಾಕಿಲ್ಲ. ನೀನು ಯಾವ್ದನ್ನೂ ಸಾಯಿಸಿಲ್ಲ ಕಂದ." ಆಮೇಲೆ ತಗ್ಗಿದ ದನಿಯಲ್ಲಿ, "ಮಗೂನ ನೋಯಿಸ್ತೀನಿ ಅಂತ ಗೊತ್ತಿದ್ರೆ ಆಟ ಆಡ್ತಿರ್ಲಿಲ್ಲ" ಎಂದಳು.

ಗಂಜಿಯ ಘಮ. ತಾಯಿನಾಡಿನ ಧಾನ್ಯದ ಭಾಷಣ. ರಂಜಿತನಿಗೆ ಎಲ್ಲವೂ ಒಂದರ ಹಿಂದೆ ಒಂದು ಬಂದು ತಲೆಗೆ ತಾಗಿತು. "ನಿನಗೆ ಯಾವಾಗ ಗೊತ್ತಾಯ್ತು?" ಎಂದ.

"ಪೊಟ್ಟಣ ಹೋಗಿ ಒಂದು ವಾರ ಆದ್ಮ್ಯಾಲೆ ಒಂದಿನ ಬೆಳಿಗ್ಗೆ ಗಂಜಿ ಮಾಡಾನ ಅಂತ ಡಬ್ಬ ತೆಗೆದೆ. ಹುರಿದದ್ದು ಇಲ್ಲ, ಬಿತ್ತೋದು ತುಂಬೈತೆ. ಅಯ್ಯೋ ಅಂತ ನಿನಗೆ ಹೇಳಾಕೇ ಫೋನು ಮಾಡ್ದೆ. 'ಮೊಳಕೆ ಬಂತಾ' ಅಂತ ಸುಮ್ನೆ ಕೇಳಿ ಆಮ್ಯಾಕೆ ಹೇಳಾನ ಅಂತಿದ್ದೆ. ನೀನು 'ಬಂದಿದೆ' ಅಂದ್ಬಿಟ್ಟೆ." ಅವಳ ಬಾಯಂಚಿನಲ್ಲಿ ನಗು ಮತ್ತೆ ಇಣುಕಿತು. "ಫಿಲೋಗೆ ಹೇಳ್ದೆ. ದಿನಾ ಸಂಜೆ ಇಬ್ರೂ ನಿನ್ ಪೈರು ಕೇಳ್ಕೊಂಡು ನಕ್ಕಿದ್ದೇ ನಕ್ಕಿದ್ದು. ನೀನು ಫೋಟೋ ಕಳಿಸಿದ ದಿನ ಅವಳು ಕುರ್ಚಿಯಿಂದ ಕೆಳಕ್ ಬಿದ್ದಳು."

ಅಡಿಗೆಮನೆಯಿಂದ ಐಶ್ವರ್ಯಾ ನಕ್ಕ ಸದ್ದು ಬಂತು. ಇಂಚರ ಅಳುವುದನ್ನು ನಿಲ್ಲಿಸಿ, ಅಂಗೈಯ ರಾಗಿಯನ್ನು ಒಂದೊಂದೇ ಕಾಳು ಎಣಿಸುವಂತೆ ನೋಡುತ್ತಿತ್ತು. ರಂಜಿತ್ ಅದರ ಮುಂದೆ ಮಂಡಿಯೂರಿ ಕೂತು, "ನಾನು ಹಾಗೆ ಅಂದಿದ್ದು ತಪ್ಪು, ಪುಟ್ಟಿ" ಎಂದ. ಮಗು "ಓಕೆ" ಎಂದಿತು. ಅಷ್ಟು ಬೇಗ ಓಕೆ ಎಂದದ್ದಕ್ಕೆ ಅವನಿಗೆ ಇನ್ನಷ್ಟು ಕಷ್ಟವಾಯಿತು. ಎಲ್ಲ ಮುಗಿಯಿತು, ಇನ್ನು ಕಾಫಿ ಬರುತ್ತದೆ ಎಂದುಕೊಂಡು ಅವನು ಏಳುವುದರಲ್ಲಿದ್ದ. ಅಮ್ಮ ಅವನ ತೋಳು ಬಿಡಲಿಲ್ಲ.

"ಒಂದು ಮಾತು ಕೇಳ್ತೀನಿ" ಎಂದಳು. ನಗು ಎಲ್ಲಿಯೂ ಇರಲಿಲ್ಲ. "ರೈಲಲ್ಲಿ ಮ್ಯಾಲೆ ಕೂತ್ಕೊಂಡು ಯೋಚ್ನೆ ಮಾಡ್ಕೊಂಡು ಬಂದೆ. ಮೊದ್ಲು ಮೊದ್ಲು ನಗು ಬತ್ತಿತ್ತು, ಆಮ್ಯಾಲಾಮ್ಯಾಲೆ ಬರ್ಲಿಲ್ಲ. ನನ್ನ ಮಗ ಹುರಿದ ಕಾಳನ್ನೇ ಮೂರು ಬೆರಳುದ್ದ ಬೆಳೆಸಿಬಿಟ್ಟ, ಅದೂ ದನಿ ಒಂಚೂರು ಅಲುಗಾಡದಂಗೆ. ಹಂಗಾದ್ರೆ ವಾರಾ ವಾರಾ ನೀನು 'ಚೆನ್ನಾಗಿದ್ದೀನಿ ಅಮ್ಮ' ಅಂತೀಯಲ್ಲ, ಅದ್ರಲ್ಲಿ ಯಾವ್ದು ಪೈರು, ಯಾವ್ದು ಹುರಿದದ್ದು, ನಾನು ಹೆಂಗಪ್ಪ ತಿಳ್ಕೊಳ್ಳೋದು?"

ಅವನು ಇಂಚರಳನ್ನು ನೋಡಿದ, ಕರ್ಟನ್ನನ್ನು ನೋಡಿದ, ಹಲ್ಲುನೋವಿನ ಜೋಸೆಫನನ್ನು ನೋಡಿದ. ಒಂದು ಒಳ್ಳೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಲ್ಲವೂ ನಿಜವೇ ಅಮ್ಮ, ಇದೊಂದೇ ತಮಾಷೆಗೆ, ಎಂಬ ಮಾತು. ಹಸಿರು ಚುಕ್ಕೆ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು, ಐಶ್ವರ್ಯಾ ಕಿವಿಗೊಟ್ಟಿದ್ದಳು.

"ಆಗಸ್ಟಲ್ಲಿ ನಾನು ಸಿಲಿಗುರಿಗೆ ಹೋಗಿರ್ಲಿಲ್ಲ ಅಮ್ಮ" ಎಂದ. "ಡೆಂಗಿ ಬಂದಿತ್ತು. ಐದು ದಿನ ನರ್ಸಿಂಗ್ ಹೋಮಲ್ಲಿದ್ದೆ. ಈಗ ಏನೂ ಇಲ್ಲ. ನಿಜವಾಗ್ಲೂ ಏನೂ ಇಲ್ಲ."

ಅಮ್ಮ ಬೈಯಲಿಲ್ಲ. ಅವನ ಮುಂಗೈಯನ್ನು ತಿರುಗಿಸಿ, ಸೂಜಿ ಚುಚ್ಚಿದ ಗುರುತು ಇನ್ನೂ ಇರಬಹುದೆಂಬಂತೆ ಹೆಬ್ಬೆರಳಿನಿಂದ ಸವರಿ ನೋಡಿದಳು. ಆಮೇಲೆ, "ಅವತ್ತು ಫೋನಲ್ಲಿ ನಾನು, ಅಲ್ಲಿ ಮಳೆ ಜಾಸ್ತಿಯಂತೆ, ಕೊಡೆ ತಗೊಂಡು ಹೋಗು ಅಂದೆ" ಎಂದಳು. "ನೀನು 'ತಗೊಂಡಿದ್ದೀನಿ ಅಮ್ಮ, ಕೈಯಲ್ಲೇ ಇದೆ' ಅಂದೆ."

ಅದು ಅವನಿಗೆ 'ಡೆಂಗಿ' ಎನ್ನುವುದಕ್ಕಿಂತ ಕಠಿಣವಾಗಿ ತಾಗಿತು. ಆ ಕೊಡೆಯನ್ನು ಅವನು ಮರೆತೇಬಿಟ್ಟಿದ್ದ. ಅಮ್ಮ ಮರೆತಿರಲಿಲ್ಲ, ನಾಲ್ಕು ತಿಂಗಳು ಆ ಕೊಡೆಯ ಕೆಳಗೆ ಮಗನನ್ನು ನೆನೆಯದ ಹಾಗೆ ನಿಲ್ಲಿಸಿಕೊಂಡಿದ್ದಳು. ಅವನ ಕಣ್ಣು ಒದ್ದೆಯಾಯಿತು. ಮರೆಮಾಡಲು ಎದ್ದು ಹೋಗಿ ಬಕೆಟ್ಟಿನಲ್ಲಿ ಬಿಸಿನೀರು ತಂದ, ಉಪ್ಪು ಹಾಕಿದ, ಅಮ್ಮನ ಪಾದಗಳನ್ನು ತಾನೇ ಎತ್ತಿ ನೀರಿನಲ್ಲಿಟ್ಟ. ಬೆರಳೊತ್ತಿದರೆ ಗುಳಿ ಬೀಳುವಷ್ಟು ಊದಿದ್ದವು. ಅಮ್ಮ ಹಿತವಾಗಿ ಕಣ್ಣು ಮುಚ್ಚಿದಳು. ಇಂಚರ ಗರಿಕೆಯನ್ನೆಲ್ಲ ಕಿತ್ತು ಕೊಟ್ಟಿಗೆಯ ಹಸುವಿನ ಮುಂದೆ ಮೇವಾಗಿ ಇಟ್ಟು, ಅದೇ ತಟ್ಟೆಯ ಒದ್ದೆ ಮಣ್ಣಿನಲ್ಲಿ ಹೊಸ ರಾಗಿ ಹರಡಲು ಕೂತಿತು. ಜನವರಿ ಆರರ ಮೂರು ರಾಯರ ಹಬ್ಬದವರೆಗೂ ಗೋದಲಿ ಇರುತ್ತದೆ, ಅಷ್ಟರಲ್ಲಿ ಬಂದೇ ಬರುತ್ತದೆ ಎಂದು ಅಜ್ಜಿ ಹೇಳಿದ್ದಳು. ತಾನೂ ಅಲ್ಲಿಯವರೆಗೆ ಇದ್ದು ನೋಡಿಯೇ ಹೋಗುತ್ತಾಳಂತೆ, ಫೋನಿನಲ್ಲಿ ಕೇಳುವ ಪೈರು ಸಾಕಂತೆ.

ಅಮ್ಮನ ಫೋನು ರಿಂಗಣಿಸಿತು. ಅಕ್ಕ ಫಿಲೋಮಿನ. ತಮ್ಮ ಸಿಕ್ಕಿಬಿದ್ದ ಕಥೆ ಕೇಳುವ ಅವಸರದಲ್ಲಿದ್ದರೂ ಮೊದಲು ಪ್ರಯಾಣ ಹೇಗಾಯಿತು, ಕಾಲು ಹೇಗಿದೆ ಎಂದು ಕೇಳಿದ್ದು ಇವರಿಗೆಲ್ಲ ಕೇಳಿಸಿತು.

"ಕಾಲಾ?" ಎಂದಳು ಅಮ್ಮ, ದನಿ ಒಂಚೂರೂ ಅಲುಗಾಡದಂತೆ. "ಕಾಲಿಗೇನಾಗೈತೆ ಮಗಳೇ, ಗಟ್ಟಿಮುಟ್ಟಾಗೈತೆ. ಕೆಳಗಿನ ಬರ್ತಲ್ಲಿ ಕಾಲು ಚಾಚಿ ಮಲಗ್ಕೊಂಡು ಬಂದೆ. ರಾಣಿ ಬಂದಂಗೆ ಬಂದೆ."

ರಂಜಿತ್ ಬಕೆಟ್ಟಿನ ಪಕ್ಕದಿಂದ ತಲೆಯೆತ್ತಿದ. ಎದ್ದು, ಮೂಲೆಯಲ್ಲಿದ್ದ ಹುರಿದ ರಾಗಿಯ ತಟ್ಟೆಯನ್ನು ಎರಡೂ ಕೈಯಲ್ಲಿ ತಂದು ಅಮ್ಮನ ಮುಖದ ಮುಂದೆ ಹಿಡಿದ. ಅಮ್ಮ ತಟ್ಟೆಯನ್ನು ನೋಡಿದಳು, ಅವನನ್ನು ನೋಡಿದಳು. ಫೋನಿನಲ್ಲಿ ಅಕ್ಕ ಹಲೋ ಹಲೋ ಎನ್ನುತ್ತಿದ್ದಳು.

"ತಡಿ, ಫಿಲೋ" ಎಂದಳು ಅಮ್ಮ. "ಊದ್ಕೊಂಡವೆ. ಎರಡೂವೆ."